ಗ್ರಹದ ಗಾಳಿ

ಸುಟ್ಟ ಮೋಟರು ತಂದು ಅಂಗಡಿಯ ಮುಂದೆ ಇಳಿಸಿದರೆ ಬಿಚ್ಚುವುದಕ್ಕೆ ಮೊದಲೇ ನಾನು ಮೂಸಿ ಹೇಳಿಬಿಡುತ್ತೇನೆ, ಹೋಗಿದ್ದು ಕಾಯಿಲೋ ಬೇರಿಂಗೋ ಎಂದು. ಬೇಡಕಿಹಾಳದಲ್ಲಿ ಮೂವತ್ತೊಂದು ವರ್ಷದಿಂದ ಪಂಪ್‌ಸೆಟ್ಟಿನ ಮೋಟರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದೇನೆ. ಕೆಲಸದಲ್ಲಿ ನನ್ನನ್ನು ಮೀರಿಸುವವರು ಒಬ್ಬಿಬ್ಬರು ಇದ್ದಾರು, ಮಾತಿನಲ್ಲಿ ಇಲ್ಲ. ಪಾರಿಸಣ್ಣನ ಅಂಗಡಿ ಎಂದರೆ ಮೋಟರು ಕೊಟ್ಟು ಹೋಗುವ ಜಾಗವಲ್ಲ, ಕೂತು ನಗುವ ಜಾಗ. ಊರಿನಲ್ಲಿ ಯಾರ್‍ಯಾರಿಗೆ ಅಡ್ಡಹೆಸರು ಅಂಟಿದೆಯೋ ಅದರಲ್ಲಿ ಅರ್ಧ ನನ್ನ ಬಾಯಿಂದಲೇ ಬಿದ್ದದ್ದು. ಎಲುಬಿಲ್ಲದ ನಾಲಿಗೆ ಎಂದು ನನ್ನ ಹೆಂಡತಿ ಸುಗಂಧಾ ಮದುವೆಯಾದ ವರ್ಷದಿಂದ ಬೈಯುತ್ತ ಬಂದಿದ್ದಾಳೆ. ನಾನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಹೋದ ವರ್ಷ ಆ ನಾಲಿಗೆಯಿಂದ ಬಿದ್ದ ಒಂದು ಮಾತು ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳನ್ನು ತಿಂದು ಹಾಕಿತು. ಅವಳ ಹೆಸರು ಭಾಗ್ಯಾ. ನಮ್ಮ ಮನೆಗೆ ಎಮ್ಮೆಯ ಹಾಲು ಹಾಕುವ ಸಾವಕ್ಕನ ಮಗಳು. ಇದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಕಟ್ಟೆಯ ಮೇಲೆ ಕೂತವರಿಗೆ ಹೇಳುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗಳು ತ್ರಿಶಲಾ ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಖಗೋಳ ವಿಜ್ಞಾನಿ. ಸೂರ್ಯನಲ್ಲ, ಚಂದ್ರನಲ್ಲ, ನಮ್ಮ ಮಂಗಳ ಶನಿಗಳೂ ಅಲ್ಲ. ಬೇರೆ ನಕ್ಷತ್ರಗಳ ಸುತ್ತ ತಿರುಗುವ ಗ್ರಹಗಳಿವೆಯಲ್ಲ, ಅವುಗಳ ಮೇಲೆ ವಾತಾವರಣ ಇದೆಯೇ, ಇದ್ದರೆ ಅದರಲ್ಲಿ ಏನೇನಿದೆ ಎಂದು ಹುಡುಕುವುದು ಅವಳ ಕೆಲಸ. ನಮ್ಮ ಬಂಧುಬಳಗಕ್ಕೆಲ್ಲ ಅವಳು ರಾತ್ರಿಯಿಡೀ ಮಾಳಿಗೆಯ ಮೇಲೆ ದುರ್ಬೀನು ಹಿಡಿದು ಕೂರುತ್ತಾಳೆ ಎಂಬ ಕಲ್ಪನೆ. ನನಗೂ ಹಾಗೇ ಇತ್ತು. ಒಮ್ಮೆ ಪುಣೆಗೆ ಹೋಗಿ ನೋಡಿದರೆ ಬೆಳಿಗ್ಗೆ ಹತ್ತಕ್ಕೆ ಊಟದ ಡಬ್ಬಿ ಕಟ್ಟಿಕೊಂಡು ಹೋಗಿ, ಕಂಪ್ಯೂಟರಿನ ಮುಂದೆ ಕೂತು, ಸಂಜೆ ಮನೆಗೆ ಬರುತ್ತಾಳೆ, ಥೇಟ್ ತಹಶೀಲ್ದಾರ ಕಚೇರಿಯ ಗುಮಾಸ್ತೆ. ದುರ್ಬೀನು ಬಾಹ್ಯಾಕಾಶದಲ್ಲಿದೆಯಂತೆ. ಅದು ಕಳಿಸಿದ ಅಂಕಿಗಳು ಮಾತ್ರ ಇವಳ ಪಾಲಿಗೆ. ನನಗೆ ಸ್ವಲ್ಪ ನಿರಾಸೆಯೇ ಆಯಿತು.

“ಪಪ್ಪಾ, ಆ ಗ್ರಹ ಕಣ್ಣಿಗಿ ಕಾಣೂದೇ ಇಲ್ಲ,” ಎಂದು ಅವಳು ಅವತ್ತು ನನಗೆ ಬಿಡಿಸಿ ಹೇಳಿದಳು. “ಅದು ತನ್ನ ನಕ್ಷತ್ರದ ಮುಂದ ಹಾಯ್ದು ಹೋಗುವಾಗ ನಕ್ಷತ್ರದ ಬೆಳಕು ಒಂಚೂರು ಕಡಿಮಿ ಆಗ್ತೈತಿ. ಬಸ್‌ಸ್ಟ್ಯಾಂಡಿನ ದೊಡ್ಡ ದೀಪದ ಮುಂದ ಒಂದು ಗುಂಗಾಡಿ ಹುಳ ಹಾಯ್ದಂಗ. ಅದನ್ನ ನಾವು ಕೊಲ್ಲಾಪುರದಾಗ ಕುಂತು ನೋಡಿದಂಗ.”

“ಗುಂಗಾಡಿ ಸಿಕ್ತು ಅಂತ ಇಟ್ಟಕೋ. ಅದರ ಗಾಳಿ ಹೆಂಗ ತಿಳೀತೈತಿ?”

“ಗ್ರಹದ ಅಂಚಿಗಿ ವಾತಾವರಣ ಇದ್ದರ ನಕ್ಷತ್ರದ ಬೆಳಕು ಅದರೊಳಗಿಂದ ಸೋಸಿ ಬರ್ತೈತಿ. ನೀರಿನ ಆವಿ ಒಂದು ಬಣ್ಣ ನುಂಗತೈತಿ, ಬ್ಯಾರೆ ಅನಿಲ ಬ್ಯಾರೆ ಬಣ್ಣ ನುಂಗತೈತಿ. ಬಂದ ಬೆಳಕಿನ್ಯಾಗ ಯಾವ ಬಣ್ಣ ಕಡಿಮಿ ಬಿತ್ತು ಅಂತ ನೋಡೂದು. ಇಲ್ಲದ್ದನ್ನ ನೋಡಿ ಇದ್ದದ್ದನ್ನ ಹೇಳೂದು. ಅಷ್ಟ ನನ್ನ ಕೆಲಸ.”

ಆಗ ಅವಳು ಬೆನ್ನು ಹತ್ತಿದ್ದ ಗ್ರಹ ನೂರಿಪ್ಪತ್ತು ಬೆಳಕಿನ ವರ್ಷ ದೂರದ್ದು. ಅದಕ್ಕೆ ಹೆಸರೂ ಇಲ್ಲ, ಒಂದಿಷ್ಟು ಅಂಕಿ, ಕೊನೆಗೊಂದು ಅಕ್ಷರ. ಅಲ್ಲಿಂದ ಇವತ್ತು ಬಂದು ಮುಟ್ಟುವ ಬೆಳಕು ನನ್ನ ಮುತ್ತಜ್ಜ ಧೋತರ ಉಡಲು ಕಲಿಯುವ ಕಾಲಕ್ಕೆ ಹೊರಟದ್ದು. ಅಷ್ಟು ದೂರದ ಗಾಳಿಯಲ್ಲಿ ನೀರಿನ ಪಸೆ ಇದೆಯೋ ಇಲ್ಲವೋ ಎಂದು ನನ್ನ ಮಗಳು ಡಬ್ಬಿ ಬಿಚ್ಚುತ್ತ ಹೇಳುತ್ತಾಳೆ! ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀವು ನಗಬಹುದು. ಆದರೆ ಅವತ್ತು ಪುಣೆಯಿಂದ ನಿಪ್ಪಾಣಿಯ ಬಸ್ಸಿನಲ್ಲಿ ಕೂತು ಬರುವಾಗ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಪಕ್ಕದವನು ಸರಿದು ಕೂತ.

ಕಷ್ಟ ಬಂದದ್ದು ಇದನ್ನು ಊರಿಗೆ ಹೇಳುವುದರಲ್ಲಿ. ಭಾದ್ರಪದದ ಪರ್ವದಲ್ಲಿ ನಮ್ಮ ಬಸದಿಯಲ್ಲಿ ಅವಳಿಗೆ ಶಾಲು ಹೊದಿಸಿದರು. ಪೇಪರಿನಲ್ಲಿ ಫೋಟೋ ಬಂತು. ಮರುದಿನ ಅಂಗಡಿ ತುಂಬ ಜನ. ಎದುರಿನ ಕಿರಾಣಿ ಅಂಗಡಿಯ ಗಂಗಾರಾಮ ಚಹಾ ಹೀರುತ್ತ ಕೇಳಿದ, “ಪಾರಿಸಾ, ನಿನ್ನ ಮಗಳು ಅಲ್ಲಿ ಏನ ಮಾಡ್ತಾಳೋ ಖರೇ ಹೇಳು.”

ನಾನು ಒಂದು ಕ್ಷಣವೂ ತಡೆಯಲಿಲ್ಲ. “ಗ್ರಹ, ಗಾಳಿ ಎರಡೂ ಆಕಿ ಖಾತೇನಪಾ. ಯಾವ ಗ್ರಹಕ್ಕ ಎಂಥಾ ಗಾಳಿ ಹಿಡದೈತಿ ಅಂತ ಕುಂತಲ್ಲೇ ನೋಡಿ ಹೇಳ್ತಾಳ.”

ಅಂಗಡಿ ಬಿದ್ದು ಬಿದ್ದು ನಕ್ಕಿತು. ನಮ್ಮ ಕಡೆ ಗಾಳಿ ಎಂದರೆ ಮರ ಅಲುಗಿಸುವ ಗಾಳಿ ಅಷ್ಟೇ ಅಲ್ಲ ಎಂದು ನಿಮಗೆ ಗೊತ್ತು. ಹುಣಸೆಮರದ ಕೆಳಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋದವರನ್ನು ಹಿಡಿಯುವ ಗಾಳಿ ಬೇರೆ. ಗ್ರಹವೂ ಹಾಗೆಯೇ, ಆಕಾಶದಲ್ಲಿ ಇರುವುದಕ್ಕಿಂತ ಮನುಷ್ಯರ ತಲೆಯ ಮೇಲೆ ಕೂರುವುದೇ ಹೆಚ್ಚು. ಇವೆರಡನ್ನೂ ನಿಂಬೆಹಣ್ಣು, ಬೂದಿ ಹಿಡಿದು ‘ನೋಡುವವರು’ ಹತ್ತೂರಿಗೊಬ್ಬರು ಇದ್ದಾರೆ. ಮಾತಿನ ಮಜಾ ಇದ್ದದ್ದೇ ಅಲ್ಲಿ. ಹಾಲಿನ ಕ್ಯಾನು ಹಿಡಿದು ಹಾದುಹೋಗುತ್ತಿದ್ದ ಸಾವಕ್ಕ ಅವತ್ತು ನಿಂತು ಕೇಳಿದಳು. ಅವಳು ನಗಲಿಲ್ಲ. ಕ್ಯಾನು ಕೆಳಗಿಟ್ಟು ತಲೆಯ ಮೇಲೆ ಸೆರಗು ಎಳೆದುಕೊಂಡಳು. ನಾನು ಅದನ್ನು ಕಂಡೆ, ಲಕ್ಷ್ಯ ಕೊಡಲಿಲ್ಲ.

ಆ ಮಾತು ಎಷ್ಟು ಚಲೋ ಹತ್ತಿತೆಂದರೆ ಬೋರಗಾಂವದ ಮದುವೆಯಲ್ಲಿ, ಚಿಕ್ಕೋಡಿಯ ಕೋರ್ಟಿನ ಕಟ್ಟೆಯ ಮೇಲೆ, ಎಲ್ಲ ಕಡೆ ಅದನ್ನೇ ಬಿಟ್ಟೆ. ತ್ರಿಶಲಾಳಿಗೆ ಸಿಟ್ಟು ಬಂತು.

“ಪಪ್ಪಾ, ವಾತಾವರಣ ಅನ್ರಿ.”

“ವಾತಾವರಣ ಅಂದ್ರ ಮಳಿ ಬಂತೇನೋ ಅಂತ ಗಂಗಾರಾಮ ಕೊಡಿ ತರಾಕ ಒಳಗ ಹೋಗ್ತಾನ.”

“ಹಂಗಾರ ಹವಾ ಅನ್ರಿ.”

“ಹವಾ ಅಂದ್ರ ಮಗಳಿಗಿ ಸೊಕ್ಕು ಬಂದೈತಿ ಅಂತಾರವಾ.”

ಅವಳೂ ನಕ್ಕುಬಿಟ್ಟಳು. ಪುಣೆಗೆ ಹೋದಳು.

ಭಾಗ್ಯಾಳ ಬಗ್ಗೆ ಹೇಳಬೇಕು. ನನ್ನ ಮಾತಿಗೆ ತಿರುಗಿ ಮಾತು ಕೊಡುತ್ತಿದ್ದ ಹುಡುಗಿ ಇಡೀ ಊರಿನಲ್ಲಿ ಅವಳೊಬ್ಬಳೇ. “ಇವತ್ತ ಹಾಲಿಗಿ ನೀರ ಎಷ್ಟ ಹಾಕೀಯವಾ?” ಎಂದು ಕೆಣಕಿದರೆ, “ಭಾಳ ಹಾಕಾಕ ಆಗಲಿಲ್ಲರಿ ಅಣ್ಣಾರ. ನಮ್ಮ ಮೋಟರ್ ನಿಮ್ಮ ಅಂಗಡ್ಯಾಗ ಬಿದ್ದು ಹದಿನೈದ ದಿನಾತು. ಕೊಟ್ರ ನಾಳೆ ಹೆಚ್ಚಿಗಿ ಹಾಕತೀನಿ,” ಎನ್ನುತ್ತಿದ್ದಳು. ಒಂದು ವರ್ಷ ಇಚಲಕರಂಜಿಯ ಗಾರ್ಮೆಂಟಿನಲ್ಲಿ ಹೊಲಿಗೆ ಕೆಲಸ ಮಾಡಿ ಬಂದಿದ್ದಳು. ಹಾರೂಗೇರಿಯ ಕಡೆ ಸಂಬಂಧ ಗೊತ್ತಾಗಿತ್ತು, ಮಾಘದಲ್ಲಿ ಮದುವೆ. ಅವಳ ತಂದೆಯ ಹೆಸರು ಮಾಳಸಿದ್ದ. ಕುರಿ, ಎಮ್ಮೆ ನೋಡಿಕೊಂಡು ಇದ್ದವನು, ಬೀಡಿ ಸೇದುತ್ತಿದ್ದ, ವರ್ಷದಿಂದ ಕೆಮ್ಮುತ್ತಿದ್ದ. ಬೀಡಿ ಸೇದುವವರು ಕೆಮ್ಮದೆ ಇನ್ನೇನು ಹಾಡುತ್ತಾರೆಯೇ ಎಂದು ನಾನೇ ಒಮ್ಮೆ ಅಂದಿದ್ದೆ.

ಶೀಗಿ ಹುಣ್ಣಿಮೆಗೆ ವಾರವಿರುವಾಗ ಹಾಲು ಹಾಕಲು ಭಾಗ್ಯಾ ಬರುವುದು ನಿಂತಿತು. ಸಾವಕ್ಕನೇ ಬರತೊಡಗಿದಳು. ಸುಗಂಧಾ ಕೇಳಿದರೆ “ತಲಿ ನೋವರಿ, ಸಂಜಿಕ ಸಣ್ಣಗ ಜ್ವರ,” ಎಂದಷ್ಟೇ ಹೇಳಿದಳು. ಆಮೇಲೆ, “ಅಕ್ಕಾರು ಯಾವಾಗ ಬರ್ತಾರ್ರಿ?” ಎಂದು ಕೇಳಿದಳು. ಶಾಲೆ ಕಲಿಸುವ ಹೆಂಗಸರಿಗೆ ಅಕ್ಕಾರು ಎನ್ನುವಂತೆ ತ್ರಿಶಲಾಳಿಗೂ ಅವಳು ಹಾಗೇ ಅನ್ನುತ್ತಿದ್ದಳು. ಹುಣ್ಣಿಮೆಗೆ ಬರುತ್ತಾಳೆ ಎಂದು ಸುಗಂಧಾ ಹೇಳಿದಳು.

ಹುಣ್ಣಿಮೆಗೆ ತ್ರಿಶಲಾ ಬರಲಿಲ್ಲ. ಫೋನಿನಲ್ಲಿ ಅವಳ ದನಿ ನಡುಗುತ್ತಿತ್ತು. “ಪಪ್ಪಾ, ಸಿಕ್ಕಂಗ ಕಾಣತೈತಿ. ನೀರಿನ ಆವಿ ನುಂಗೂ ಬಣ್ಣ ಕರೆಕ್ಟ್ ಅಲ್ಲೇ ಕಡಿಮಿ ಬಿದ್ದೈತಿ. ಇನ್ನೊಮ್ಮೆ ಎಲ್ಲಾ ತಪಾಸ ಮಾಡಬೇಕು. ದೀಪಾವಳಿಗಿ ಬರ್ತೀನಿ.” ಸಣ್ಣವಳಿದ್ದಾಗ ಜಾತ್ರೆಯಲ್ಲಿ ಕಳೆದ ಚಪ್ಪಲಿ ಸಿಕ್ಕಾಗ ಹೀಗೆಯೇ ಮಾತಾಡಿದ್ದಳು. ನಾನು ಬೇಡ ಅನ್ನಲಿಲ್ಲ.

ಮರುದಿನ ಮಧ್ಯಾಹ್ನ ಸಾವಕ್ಕ ಅಂಗಡಿಗೇ ಬಂದಳು. ನಾಲ್ಕೈದು ಗಿರಾಕಿಗಳಿದ್ದರು. ಅವಳು ಬಾಗಿಲ ಪಕ್ಕ ಸರಿದು ನಿಂತು, ಸಣ್ಣ ದನಿಯಲ್ಲಿ, “ಅಣ್ಣಾರ, ಅಕ್ಕಾರ ಕಡೆ ಒಂದ ಗಾಳಿ ತೋರಸೂದಿತ್ತರಿ,” ಎಂದಳು.

ಮೂವತ್ತು ವರ್ಷದಿಂದ ನನ್ನ ಮಾತು ಕೇಳುತ್ತ ಬಂದವಳು, ಕೊನೆಗೂ ನನ್ನ ಹಾಗೆ ಚಾಷ್ಟಿ, ತಮಾಷೆ ಮಾಡುವುದು ಕಲಿತಳು ಎಂದುಕೊಂಡೆ. ನನಗೆ ಖುಷಿಯೇ ಆಯಿತು. ಕೈಯಲ್ಲಿದ್ದ ತಂತಿಯ ಸುರುಳಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆ. “ತೋರಸವಾ, ತೋರಸು! ನೂರಿಪ್ಪತ್ತು ವರ್ಷ ದೂರದ ಗಾಳೀನ ಬಿಡೂದಿಲ್ಲ ಆಕಿ. ನಿಂದು ನಮ್ಮ ಊರ ಗಾಳಿ. ಎರಡ ನಿಮಿಷದ ಕೆಲಸ.”

ಗಿರಾಕಿಗಳೂ ನಕ್ಕರು. ಸಾವಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಮುಖದ ಬಿಗುವು ಸಡಿಲಾಯಿತು, ಸಣ್ಣಗೆ ನಕ್ಕಳು ಕೂಡ. “ಹಂಗಾರ ಕಾಯ್ತೀನ್ರಿ,” ಎಂದು ಬೇಗ ಬೇಗ ಮನೆಯ ಕಡೆ ಹೋದಳು.

ಯಾಕೆ ಅವಳು ಬಿಡಿಸಿ ಹೇಳಲಿಲ್ಲ ಎಂದು ನೀವು ಕೇಳಬಹುದು. ಮದುವೆ ಗೊತ್ತಾದ ಹುಡುಗಿ. ಇಂಥವಳಿಗೆ ಗಾಳಿ ಹಿಡಿದಿದೆ ಎಂಬ ಮಾತು ಹಾರೂಗೇರಿ ಮುಟ್ಟಿದರೆ ಸಂಬಂಧ ಮುರಿದಂತೆಯೇ. ಮಗಳ ಹೆಸರು ತೆಗೆಯದೆ ನಾಲ್ಕು ಜನರ ಮುಂದೆ ಅಷ್ಟು ಅಂದದ್ದೇ ಅವಳಿಗೆ ದೊಡ್ಡದು. ನಾನೊಬ್ಬ ಕೈ ಒರೆಸಿಕೊಂಡು ಹೊರಗೆ ಬಂದು “ಯಾರಿಗೇನಾಗೇತಿ?” ಎಂದು ಕೇಳಿದ್ದರೆ ಸಾಕಿತ್ತು. ಮೂಸಿ ರೋಗ ಹೇಳುವ ಮೂಗು ನನ್ನದು!

ದೀಪಾವಳಿಗೂ ತ್ರಿಶಲಾ ಬರಲಿಲ್ಲ. ಲೆಕ್ಕ ಎರಡನೆಯ ಸಲವೂ ಹೊಂದಿತ್ತು, ಇನ್ನು ಬೇರೆ ದೇಶದ ಗೆಳತಿಯೊಬ್ಬಳು ತನ್ನ ರೀತಿಯಲ್ಲಿ ತೂಗಿ ನೋಡಬೇಕಿತ್ತು, ಅಲ್ಲಿಯವರೆಗೆ ಕುರ್ಚಿ ಬಿಟ್ಟು ಏಳುವ ಹಾಗಿರಲಿಲ್ಲ. ಆ ಅಮಾವಾಸ್ಯೆಯ ಮುಂಜಾನೆ ಬಸದಿಯಲ್ಲಿ ತೀರ್ಥಂಕರರಿಗೆ ನಿರ್ವಾಣ ಲಾಡು ಏರಿಸುವಾಗ ಮೊದಲ ಸಲ ಅವಳು ನಮ್ಮ ಪಕ್ಕದಲ್ಲಿರಲಿಲ್ಲ. ಸಾವಕ್ಕ ದಿನಾ ಹಾಲು ಅಳೆಯುವಾಗ “ಬಂದ್ರೇನ್ರಿ?” ಎನ್ನುವಳು. “ಎಂಟ ದಿನಾ ತಡಿ,” ಎಂದು ನಾನು. “ನಿನಗ ನಿನ್ನ ಮಗಳಿಗಿಂತ ನನ್ನ ಮಗಳ ಮ್ಯಾಲ ಪ್ರೀತಿ ಹೆಚ್ಚಾತು,” ಎಂದು ಒಮ್ಮೆ ಅಂದೆ.

ಅಷ್ಟರಲ್ಲಿ ಆ ಮನೆಯಲ್ಲಿ ನಡೆದದ್ದೆಲ್ಲ ನಮಗೆ ಆಮೇಲೆ ತಿಳಿಯಿತು. ಭಾಗ್ಯಾ ಬೆಳಕು ಕಂಡರೆ ಮುಖ ತಿರುವುತ್ತಿದ್ದಳು. ಉಂಡದ್ದು ನಿಲ್ಲುತ್ತಿರಲಿಲ್ಲ. ಕತ್ತು ಬಗ್ಗುತ್ತಿರಲಿಲ್ಲ. ಆಮೇಲೆ ಒಂದು ದಿನ ಅವ್ವನ ಗುರುತು ಹಿಡಿಯದೆ ಮರಾಠಿಯಲ್ಲಿ ಮಾತಾಡತೊಡಗಿದಳು. ಗಾರ್ಮೆಂಟಿನ ಯಾರೋ ಮುಕಾದಮನಿಗೆ ರಜೆ ಕೇಳುವಂತೆ, ಮಶಿನ್ನು ನಿಲ್ಲಿಸಿರಿ ಎನ್ನುವಂತೆ. ಇಚಲಕರಂಜಿಯಲ್ಲಿ ಒಂದು ವರ್ಷ ಆಡಿದ ಮಾತು ಜ್ವರದಲ್ಲಿ ಹೊರಗೆ ಬರುತ್ತಿತ್ತು ಅಷ್ಟೇ. ಆದರೆ ಓಣಿಯ ಹಿರಿಯರು ತೀರ್ಪು ಕೊಟ್ಟರು: ಹುಡುಗಿಯ ಬಾಯಲ್ಲಿ ಮರಾಠಿ ಹೆಂಗಸು ಮಾತಾಡುತ್ತಾಳೆ, ಆ ಕಡೆಯಿಂದ ಗಾಳಿ ಬೆನ್ನು ಹತ್ತಿ ಬಂದಿದೆ. ಮನೆಯಲ್ಲಿ ಎರಡು ಭಾಷೆ ಆಡದವರು ಯಾರೂ ಇಲ್ಲದ ನಮ್ಮ ಸೀಮೆಯಲ್ಲಿ, ಗಾಳಿಗೂ ಒಂದು ಭಾಷೆ ಹಚ್ಚಿದರು ನೋಡಿ.

ದೀಪಾವಳಿ ಮುಗಿದ ಆರನೆಯ ದಿನ ಬೆಳಿಗ್ಗೆ ತ್ರಿಶಲಾ ಬಂದಳು. ಬ್ಯಾಗು ಹೆಗಲಿಂದ ಇಳಿಸಿರಲಿಲ್ಲ, ಸುಗಂಧಾ ಚಹಾಕ್ಕೆ ಇಟ್ಟಿದ್ದಳು. ಸುದ್ದಿ ಹೇಗೆ ಮುಟ್ಟಿತೋ, ಮನೆಯ ಮುಂದೆ ಟಂಟಂ ಗಾಡಿ ಬಂದು ನಿಂತಿತು. ಮಾಳಸಿದ್ದ ಮಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕೆಮ್ಮುತ್ತ ಇಳಿದ. ನಮ್ಮ ಕಟ್ಟೆಯ ಮೇಲೆ ಮಲಗಿಸಿದ. ತಲೆಗೆ ಎರೆದು, ಹಸಿರು ಸೀರೆ ಉಡಿಸಿ, ಹೂ ಮುಡಿಸಿದ್ದರು, ದೇವರು ನುಡಿಯುವವರ ಮುಂದೆ ಕರೆದೊಯ್ಯುವ ಹಾಗೆ. ಒದ್ದೆ ಕೂದಲಿಂದ ಕಟ್ಟೆಗೆ ನೀರು ಇಳಿಯುತ್ತಿತ್ತು. ನನಗೆ ತಿರುಗಿ ಮಾತು ಕೊಡುತ್ತಿದ್ದ ಬಾಯಿ ಅರ್ಧ ತೆರೆದುಕೊಂಡಿತ್ತು.

ಸಾವಕ್ಕ ಕೈ ಮುಗಿದಳು. “ನೋಡ್ರಿ ಅಕ್ಕಾರ. ನೀವು ಬರೂತನಕಾ ಹಿಡಕೊಂಡ ಕುಂತೀನಿ. ಗಾಳಿ ನೋಡ್ರಿ.”

ತ್ರಿಶಲಾಳಿಗೆ ಏನೂ ತಿಳಿಯಲಿಲ್ಲ. ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ. ಅವಳು ಕೂತು ಭಾಗ್ಯಾಳ ಹಣೆ ಮುಟ್ಟಿದಳು, ತಲೆ ಎತ್ತಲು ಹೋದಳು, ಕತ್ತು ಬಗ್ಗದೆ ಕಟ್ಟಿಗೆಯಂತೆ ಮೈಯೊಂದಿಗೇ ಎದ್ದು ಬಂತು. ಅವಳ ದನಿಯೇ ಬದಲಾಯಿತು. “ಪಪ್ಪಾ, ಗಾಡಿ ತಗೀರಿ. ಈಗಿಂದೀಗ ಮಿರಜಕ್ಕ ಹೋಗೂದೈತಿ.”

“ಇಲ್ಲೇ ನೋಡಂಗಿಲ್ಲೇನ್ರಿ?” ಸಾವಕ್ಕ ಗಾಬರಿಯಾದಳು. “ಮಶಿನ್ನು ಪುಣೇದಾಗ ಬಿಟ್ಟ ಬಂದೀರೇನ್ರಿ ಅಕ್ಕಾರ?”

ಮಿರಜದ ದವಾಖಾನೆಯಲ್ಲಿ ಬೆನ್ನುಹುರಿಯ ನೀರು ತೆಗೆದು ನೋಡಿದರು. ಟಿ.ಬಿ. ಮಿದುಳಿನ ಪೊರೆಗೆ ಏರಿದೆ ಎಂದರು. ವಯಸ್ಸಾದ ಡಾಕ್ಟರು ತ್ರಿಶಲಾಳನ್ನೂ ನನ್ನನ್ನೂ ಬದಿಗೆ ಕರೆದು ಎಷ್ಟು ದಿನವಾಯಿತು ಎಂದು ಮರಾಠಿಯಲ್ಲಿ ಕೇಳಿದರು. ತಿಂಗಳು ಎಂದೆ. ಅವರು ಬೈಯಲಿಲ್ಲ. ಮೂರು ವಾರ ಮೊದಲು ತಂದಿದ್ದರೆ ಗುಳಿಗೆಗೆ ಬಗ್ಗುವ ರೋಗ, ಇಂಥವರು ಎಷ್ಟೋ ಜನ ನಡೆದುಕೊಂಡು ಮನೆಗೆ ಹೋಗಿದ್ದಾರೆ ಎಂದಷ್ಟೇ ಹೇಳಿ ಒಳಗೆ ಹೋದರು. ಸಾವಕ್ಕ ದೂರದ ಬೆಂಚಿನ ಮೇಲಿದ್ದಳು, ಅವಳಿಗೆ ಕೇಳಿಸಲಿಲ್ಲ.

ಮೂರನೆಯ ದಿನ ನಾನು ಅವಳಿಗೆ ಚಹಾ ಒಯ್ದಾಗ ಅವಳು ತಾನಾಗಿ ಹೇಳಿದಳು. “ಓಣ್ಯಾಗ ಎಲ್ಲಾರೂ ಮ್ಯಾಗಿನ ಊರಾಗ ನಿಂಬಿಹಣ್ಣ ಕೊಡಾವಗ ತೋರಸು ಅಂದ್ರರಿ. ನಾ ಹೋಗಲಿಲ್ಲ. ನಮ್ಮ ಅಣ್ಣಾರ ಮಗಳು ಓದ್ಯಾಳ, ಓದಿದವರ ಕಡೇನ ತೋರಸ್ತೀನಿ ಅಂತ ಹಠಾ ಹಿಡದ್ನಿ. ಮಾಡಿದ್ದು ಚಲೋ ಆತಿಲ್ರಿ?”

ಊರಿನ ಮಂತ್ರಗಾರರನ್ನೆಲ್ಲ ಬಿಟ್ಟು ವಿದ್ಯೆಯನ್ನು ನಂಬಿ ಕಾದ ಒಬ್ಬಳೇ ಒಬ್ಬ ಹೆಂಗಸು. ಅವಳಿಗೆ ಆ ವಿದ್ಯೆಯ ಹೆಸರು ಹೇಳಿದವನು ನಾನು. ಹೂಂ ಎಂದೆ.

ಐದನೆಯ ದಿನ ಮಧ್ಯಾಹ್ನ ಎರಡೂವರೆಗೆ ಭಾಗ್ಯಾ ತೀರಿಕೊಂಡಳು. ಸಂಜೆ ಹೊಲದ ಬದಿಯಲ್ಲಿ ಮಣ್ಣು ಕೊಟ್ಟು ಬಂದೆವು. ಹಾರೂಗೇರಿಯ ಹುಡುಗ ಬಂದಿದ್ದ. ಮುಷ್ಟಿ ಮಣ್ಣು ಹಾಕಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡು ನಿಂತಿದ್ದ.

ತ್ರಿಶಲಾ ಪುಣೆಗೆ ಹೋಗಲಿಲ್ಲ. ಪಡಸಾಲೆಯಲ್ಲಿ ಕಂಪ್ಯೂಟರು ತೆರೆದುಕೊಂಡು ಸುಮ್ಮನೆ ಕೂರುತ್ತಿದ್ದಳು. ಒಂದು ಬೆಳಿಗ್ಗೆ ನಾನು ಅಂಗಡಿಗೆ ಹೊರಟಾಗ ಕರೆದಳು. ಬೇರೆ ದೇಶದ ಗೆಳತಿಯ ಪತ್ರ ಬಂದಿತ್ತು.

“ನೀರಿನ ಗುರುತು ಗ್ರಹದ್ದಲ್ಲಂತ ಪಪ್ಪಾ. ನಕ್ಷತ್ರದ್ದು. ಅದರ ಮೈಮ್ಯಾಲ ತಣ್ಣನ್ನ ಕರಿ ಕಲಿ ಇರ್ತಾವು, ಅದರಾಗಿನ ಆವಿ. ನಾ ಅದನ್ನ ಗ್ರಹಕ್ಕ ಹಚ್ಚಿದ್ನಿ.” ಕಂಪ್ಯೂಟರು ಮುಚ್ಚಿ ಹೇಳಿದಳು, “ಆ ಗ್ರಹಕ್ಕ ಬಹುಶಃ ವಾತಾವರಣಾನ ಇಲ್ಲ. ಅಲ್ಲೂ ಗಾಳಿ ಇರಲಿಲ್ಲ, ಇಲ್ಲೂ ಇರಲಿಲ್ಲ. ಇಲ್ಲದ ಗಾಳಿ ಸಲುವಾಗಿ ನಾ ಅಲ್ಲಿ ತಿಂಗಳಗಟ್ಲೆ ಕುಂತ್ನಿ, ಸಾವಕ್ಕ ಇಲ್ಲಿ ಕುಂತಳು. ಹುಣ್ಣಿವಿಗಿ ಬಂದಿದ್ರ ಆಕಿನ್ನ ನೋಡ್ತಿದ್ನಿ.”

“ತಪ್ಪು ನಿಂದಲ್ಲವಾ. ನೀ ವಾತಾವರಣ ಅನ್ರಿ ಅಂದಿದ್ದಿ,” ಎಂದೆ. ಅವಳು ಮೇಜಿನ ಮೇಲೆ ತಲೆ ಇಟ್ಟು ಅತ್ತಳು. ಎತ್ತರದ ಹುಡುಗಿ, ಮೂವತ್ತಾರು ವರ್ಷದವಳು, ಮಗುವಿನಂತೆ ಹೆಗಲು ಅಲುಗಿಸಿ ಅತ್ತಳು. ನಾನು ಅವಳ ಬೆನ್ನ ಮೇಲೆ ಕೈ ಇಡಲು ಹೋಗಿ ಹಿಂದಕ್ಕೆ ತೆಗೆದೆ. ಯಾರನ್ನೂ ಸಮಾಧಾನ ಮಾಡುವ ಹಕ್ಕು ನನಗೆ ಉಳಿದಿಲ್ಲ ಅನಿಸಿತು.

ಅದೇ ವಾರ ಆಶಾ ಕಾರ್ಯಕರ್ತೆ ಅನುಸೂಯಾ ನಮ್ಮ ಮನೆಗೆ ಬಂದಳು. ಟಿ.ಬಿ. ಆದ ಮನೆಯವರನ್ನೆಲ್ಲ ತಪಾಸಣೆ ಮಾಡಿಸಬೇಕು, ಅದರಲ್ಲೂ ಮಾಳಸಿದ್ದನ ಕೆಮ್ಮು ನೋಡಿದರೆ ಹುಡುಗಿಗೆ ಹತ್ತಿದ್ದೇ ಅವನಿಂದ ಇರಬೇಕು. ಮೂರು ಸಲ ಹೋದರೂ ಅವರು ಹೊರಡುತ್ತಿಲ್ಲ. “ಏನಂತಾರ ಗೊತ್ತೇನ್ರಿ? ಗಾಳಿ ಮನಿ ಹೊಕ್ಕೈತಿ, ತ್ರಿಶಲಕ್ಕಾರ ಕೈಲೇನ ಆಗಲಿಲ್ಲ ಅಂದಮ್ಯಾಲ ನಿನ್ನ ಗುಳಿಗಿ ಏನ ಮಾಡ್ತಾವು ಅಂತಾರ. ನಾ ಯಾವ ಬಾಯಿಲೆ ಹೇಳಲಿ?”

ತ್ರಿಶಲಾ ಎದ್ದಳು, ನಾನು ಹೋಗಿ ಹೇಳುತ್ತೇನೆ ಎಂದಳು. ಬೇಡ, ನನ್ನ ಬಾಯಿಂದ ಹೋದದ್ದು ನನ್ನ ಬಾಯಿಂದಲೇ ಬರಬೇಕು ಎಂದೆ. ಎಂದವನು ಮೂರು ದಿನ ಹೋಗಲಿಲ್ಲ. ಯಾಕೆಂದು ಹೇಳಿಬಿಡುತ್ತೇನೆ. ಗಾಳಿಯೇ ಮಗಳನ್ನು ಒಯ್ದಿತು, ಯಾರ ಕೈಲೂ ಇರಲಿಲ್ಲ ಎಂದು ಸಾವಕ್ಕ ನಂಬಿದ್ದಾಳೆ. ಆ ನಂಬಿಕೆಯ ಮೇಲೆ ಅವಳು ಎದ್ದು ಎಮ್ಮೆ ಹಿಂಡುತ್ತಾಳೆ, ಒಲೆ ಹಚ್ಚುತ್ತಾಳೆ. ನಿಜ ಹೇಳಿದರೆ ಮಗಳು ಉಳಿಯುತ್ತಿದ್ದಳು ಎಂಬುದನ್ನೂ ಹೇಳಬೇಕು. ಹೇಳದಿದ್ದರೆ ಗಂಡನೂ ಅದೇ ದಾರಿ ಹಿಡಿಯುತ್ತಾನೆ. ಇದೆಲ್ಲ ಅವಳ ಸಲುವಾಗಿ ಯೋಚಿಸಿದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವಳ ಮುಖ ನೋಡಲು ನನಗೆ ಅಂಜಿಕೆಯಾಗಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಹೋದೆ. ಸಾವಕ್ಕ ಕೊಟ್ಟಿಗೆಯ ಮುಂದೆ ಎಮ್ಮೆಯ ಮೇವಿಗೆ ಕಬ್ಬಿನ ವಾಡೆ ಕತ್ತರಿಸುತ್ತಿದ್ದಳು. ಮಾಳಸಿದ್ದ ಹೊರಸಿನ ಮೇಲೆ ಕೂತು ಕೆಮ್ಮುತ್ತಿದ್ದ. ನನ್ನನ್ನು ಕಂಡು ಅವಳು ಚೀಲ ಹಾಸಿದಳು. ನಾನು ಕೂರಲಿಲ್ಲ.

“ಸಾವಕ್ಕ, ಅದು ಗಾಳಿ ಅಲ್ಲ. ಟಿ.ಬಿ. ಬ್ಯಾನಿ. ಮಾಳಸಿದ್ದಗೂ ಅದ ಇರಬೇಕು, ಗುಳಿಗಿ ತಗೊಂಡ್ರ ಹೋಗ್ತೈತಿ. ತ್ರಿಶಲಾಗ ಗಾಳಿ ನೋಡಾಕ ಬರೂದಿಲ್ಲ. ಆಕಿ ನೋಡೂದು ಚುಕ್ಕಿಗೋಳ ಹತ್ತರಿರೂ ಗ್ರಹದ ಹವಾ, ಮನಿಷ್ಯಾರದ್ದಲ್ಲ. ನಾ ಆಡಿದ್ದು ಚಾಷ್ಟಿ. ಬರೇ ಚಾಷ್ಟಿ. ಮೊದಲ ದವಾಖಾನಿಗಿ ಒಯ್ದಿದ್ರ ಭಾಗ್ಯಾ...”

“ಉಳೀತಿದ್ದಳೇನ್ರಿ?” ಅವಳೇ ಕೇಳಿದಳು.

“ಉಳೀತಿದ್ದಳು.”

ಕೈಯಲ್ಲಿದ್ದ ಕುಡಗೋಲು ನಿಧಾನ ಕೆಳಗಿಟ್ಟಳು. ಬೈಯುತ್ತಾಳೆ, ಮಣ್ಣು ತೂರುತ್ತಾಳೆ, ಎದೆ ಬಡಿದುಕೊಂಡು ಅಳುತ್ತಾಳೆ ಎಂದು ನಾನು ಸಿದ್ಧನಾಗಿ ನಿಂತಿದ್ದೆ. ಅವಳು ಒಳಗೆ ಹೋಗಿ ಗಂಡನ ಅಂಗಿ ತಂದಳು. “ಏಳ್ರಿ. ಅಂಗಿ ಹಾಕ್ಕೋರಿ. ನಿಪ್ಪಾಣಿ ದವಾಖಾನಿಗಿ ಹೋಗೂದೈತಿ,” ಎಂದಳು. ನಾನು ಗಾಡಿ ತರುತ್ತೇನೆ ಎಂದೆ. “ಬ್ಯಾಡ್ರಿ. ಬಸ್ಸ ಐತಿ.” ಅವಳು ಈ ಸಲ ನನ್ನನ್ನು ಅಣ್ಣಾರ ಎಂದು ಕರೆಯಲಿಲ್ಲ.

ಮಾಳಸಿದ್ದ ಮುಂದೆ ನಡೆದ. ಅವಳು ಬೇಲಿಯ ಹತ್ತಿರ ನಿಂತು ಹಿಂದೆ ತಿರುಗಿದಳು. ಸಿಟ್ಟು ಇರಲಿಲ್ಲ ಮುಖದಲ್ಲಿ, ಏನೋ ಲೆಕ್ಕ ತಾಳೆ ನೋಡುವವಳಂತೆ ಕೇಳಿದಳು.

“ಅವತ್ತ ಅಂಗಡ್ಯಾಗ ನಕ್ಕಿದ್ದೂ ಚಾಷ್ಟೀನೇನ್ರಿ?”

ನಾನು ಹೌದೆಂದು ತಲೆ ಆಡಿಸಿದೆ.

“ಆ ಮುಂಜಾನೆ ಆಕಿಗಿ ಇನ್ನಾ ಶುದ್ಧಿ ಇತ್ತರಿ. ಅವ್ವಾ, ನನ್ನ ದವಾಖಾನಿಗಿ ಕರಕೊಂಡ ನಡಿ, ನನಗ ಅಂಜಿಕಿ ಬರಾಕತ್ತೈತಿ ಅಂದ್ಳು. ನಿಮ್ಮನ್ನ ಕೇಳಿ ಬರ್ತೀನಿ ಅಂತ ಬಂದ್ನಿ. ನೀವು ನಕ್ರಿ. ಓಡಿ ಹೋಗಿ ಆಕಿಗಿ ಹೇಳಿದ್ನಿ, ದವಾಖಾನಿ ಬ್ಯಾಡ ಬೇ, ಅಂಜಬ್ಯಾಡ, ಅಣ್ಣಾರು ನಗಾಕತ್ತಾರ, ಅವರು ನಗತಾರಂದ್ರ ಇದೇನ ದೊಡ್ಡ ಬ್ಯಾನಿ ಅಲ್ಲ ಅಂತ. ಆಕಿನೂ ನಕ್ಕಳರಿ.”

ಅಷ್ಟು ಹೇಳಿ ಅವಳು ಸೆರಗು ಸರಿಮಾಡಿಕೊಂಡು ಗಂಡನ ಹಿಂದೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.